ತಗಡಿನ ಮೇಲಿನ ಹೆಸರು

ದೆವ್ವ, ಭೂತ, ಶಕುನ ಇವುಗಳಲ್ಲಿ ನನಗೆ ಯಾವತ್ತೂ ನಂಬಿಕೆ ಇರಲಿಲ್ಲ. ಬಾಡಿಗೆ ಕಾರು ಓಡಿಸುವವನಿಗೆ ಇಂಥ ಕಥೆಗಳಿಗೇನೂ ಬರವಿಲ್ಲ. ಘಾಟಿಯ ತಿರುವಿನಲ್ಲಿ ಕೈ ಅಡ್ಡ ಹಿಡಿಯುವ ಹೆಂಗಸು, ಹಿಂದಿನ ಸೀಟಿನಲ್ಲಿ ಕೂತು ಮಾಯವಾಗುವ ಮುದುಕ, ಎಲ್ಲವನ್ನೂ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಕೇಳಿದ್ದೇನೆ, ಹೇಳಿದವರನ್ನು ಗೋಳು ಹೊಯ್ದುಕೊಂಡಿದ್ದೇನೆ. ನನ್ನ ಕಾರಿನ ಮುಂದೆಯೂ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತವೆ. ಅದು ಹೆಂಡತಿಯ ಸಮಾಧಾನಕ್ಕೆ. ಈಗ ನಾನು ಹೇಳಹೊರಟಿರುವುದೂ ಅಂಥದ್ದೇ ಒಂದು ಕಥೆ ಎಂದು ನಿಮಗೆ ಅನ್ನಿಸಿದರೆ ಜಗಳವಾಡುವುದಿಲ್ಲ. ಆದರೆ ಇದು ನಡೆದದ್ದು ಹಗಲು ಹೊತ್ತಿನಲ್ಲಿ, ಹತ್ತಾರು ಜನರ ಎದುರು, ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣದ ಬಾಗಿಲಲ್ಲಿ. ನನಗೆ ಜ್ವರ ಇರಲಿಲ್ಲ, ನಿದ್ದೆಗೆಟ್ಟಿರಲಿಲ್ಲ, ಕುಡಿಯುವ ಅಭ್ಯಾಸವೂ ಇಲ್ಲ.

ಮೊದಲು ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ತಯಾರಾಗಿ ಬಂದ ಕಬ್ಬಿಣದ ಮಾಲಿನ ಮೇಲೆ, ಅದನ್ನು ತುಂಬಿಸುವ ವ್ಯಾಗನ್ನಿನ ಮೇಲೆ, ದಪ್ಪ ಚಾಕ್‌ಪೀಸಿನಿಂದ ನಂಬರು ಮತ್ತು ಅದು ಹೋಗಬೇಕಾದ ಊರಿನ ಹೆಸರು ಬರೆಯುವುದು ಅವರ ಕೆಲಸವಾಗಿತ್ತು. ಎತ್ತರದಲ್ಲಿ ಕೂತ ಕ್ರೇನಿನವನಿಗೂ ಕಾಣಬೇಕಾದ್ದರಿಂದ ಅಕ್ಷರ ಗುಂಡಗೆ, ಅಗಲವಾಗಿ ಇರುತ್ತಿತ್ತು. ‘ಮ’ ಬರೆದರೆ ಅದರ ಕೊನೆಯ ಸುರುಳಿಯನ್ನು ಮೇಲಕ್ಕೆ ಒಯ್ದು ಒಂದು ಚುಕ್ಕೆ ಒತ್ತಿ ನಿಲ್ಲಿಸುತ್ತಿದ್ದರು. ಹಾಗೇಕೆ ಎಂದು ಕೇಳಿದರೆ ಕೈ ಎಲ್ಲಿ ನಿಂತಿತು ಅಂತ ಗೊತ್ತಾಗಬೇಕು ಎನ್ನುತ್ತಿದ್ದರು. ಅಪ್ಪನ ಮಾತು ಕಡಿಮೆ, ಹಟ ಜಾಸ್ತಿ.

ನಿವೃತ್ತರಾದ ಮೇಲೆ ನಾವು ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ಗೋಪಾಳಕ್ಕೆ ಬಂದೆವು. ನಾನು ಕಾರು ಕೊಂಡು ಬಾಡಿಗೆಗೆ ಓಡಿಸತೊಡಗಿದೆ. ಆಗ ವಿಮಾನ ಗಿಮಾನ ಏನೂ ಇರಲಿಲ್ಲ. ರೈಲಿಗೆ, ಬಸ್ಸಿಗೆ ಬರುವವರನ್ನು ಹೆಸರಿನ ಬೋರ್ಡು ಹಿಡಿದು ಕರೆದುಕೊಂಡು ಬರುವುದಿತ್ತು. ಅಪ್ಪ ತಾವೇ ಒಂದು ತಗಡು ಕತ್ತರಿಸಿ, ಕೈಗೆ ತಾಗದಂತೆ ಅಂಚು ಬಡಿದು ಮಡಚಿ, ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿಕೊಟ್ಟರು. ಹಿಂದಿನ ರಾತ್ರಿ ನಾನು ಹೆಸರು ಹೇಳಿದರೆ ಕಾರ್ಖಾನೆಯ ಚಾಕ್‌ಪೀಸಿನಲ್ಲಿ ಬರೆದು ಬಾಗಿಲ ಪಕ್ಕ ಒರಗಿಸಿ ಇಡುತ್ತಿದ್ದರು. ಒಂದು ನಿಯಮ ಮಾಡಿದ್ದರು.

“ಗೊತ್ತಿಲ್ಲದ ಜಾಗದಲ್ಲಿ ಇಳಿದೋರು ಮೊದಲು ಹುಡುಕೋದು ತಮ್ಮ ಹೆಸರನ್ನ. ಅವ್ರನ್ನ ಮನೆ ಮುಟ್ಟಿಸೋವರ್ಗೂ ಅದನ್ನ ಒರೆಸ್ಬಾರ್ದು.”

ಹೀಗಾಗಿ ಬೀರೂರಿನಿಂದಲೋ ಅರಸೀಕೆರೆಯಿಂದಲೋ ಗಿರಾಕಿಯನ್ನು ಕರೆತರುವಷ್ಟು ಹೊತ್ತೂ ಅವರ ಹೆಸರು ಡಿಕ್ಕಿಯಲ್ಲಿ ನಮ್ಮ ಜೊತೆ ಪ್ರಯಾಣ ಮಾಡುತ್ತಿತ್ತು. ಗಿರಾಕಿ ಅವರ ಮನೆಯ ಬಾಗಿಲಲ್ಲಿ ಇಳಿದ ಮೇಲೆ ನಾನು ಒರೆಸಬೇಕು. ಬಟ್ಟೆಯಲ್ಲಿ ಒರೆಸಿದರೆ ಚಾಕ್‌ಪೀಸು ಮೆತ್ತಿಕೊಳ್ಳುತ್ತದೆ ಎಂದು ಅಂಗೈಯಲ್ಲೇ ಒರೆಸಲು ಕಲಿಸಿದ್ದರು. ನನಗೆ ಇದೆಲ್ಲ ಮುದುಕರ ಶಾಸ್ತ್ರ ಅನ್ನಿಸುತ್ತಿತ್ತು, ಆದರೂ ನಡೆಸಿಕೊಂಡು ಬಂದೆ.

ಒಂದು ಸಲ ತಪ್ಪಿದೆ. ಹುಬ್ಬಳ್ಳಿ ಕಡೆಯಿಂದ ಬೆಳಗಿನ ಜಾವದ ರೈಲಿಗೆ ಬೀರೂರಿನಲ್ಲಿ ಇಳಿಯುವ ಒಬ್ಬ ಹೆಂಗಸನ್ನು ಭದ್ರಾವತಿಯ ಹಳೇನಗರಕ್ಕೆ ಮುಟ್ಟಿಸಬೇಕಿತ್ತು. ಅವರ ಭಾವ ಫೋನು ಮಾಡಿ ಗೊತ್ತುಮಾಡಿದ್ದರು. ಅಪ್ಪ ‘ಗಿರಿಜಮ್ಮ, ಭದ್ರಾವತಿ’ ಎಂದು ಬರೆದಿಟ್ಟರು. ಅದೇ ರಾತ್ರಿ ವಿನೋಬನಗರದ ಒಂದು ಕುಟುಂಬ ಧರ್ಮಸ್ಥಳ, ಹೊರನಾಡು ಅಂತ ಮೂರು ದಿನಕ್ಕೆ ಕಾರು ಕೇಳಿತು. ದೊಡ್ಡ ಬಾಡಿಗೆ, ಬಿಡಲು ಮನಸ್ಸಾಗಲಿಲ್ಲ. ಬೀರೂರಿಗೆ ಹೋಗಲು ಇನ್ನೊಬ್ಬ ಡ್ರೈವರಿಗೆ ಹೇಳಿ, ನಾನು ಬೋರ್ಡನ್ನು ಮನೆಯಲ್ಲೇ ಬಿಟ್ಟು ಘಾಟಿ ಹತ್ತಿದೆ. ಅವನು ಹೂಂ ಅಂದವನು ಹೋಗಲಿಲ್ಲ, ನಿದ್ದೆ ಹತ್ತಿತಂತೆ. ನಾನು ಬೇರೆಯವರಿಗೆ ಹೇಳಿದ್ದೆನಲ್ಲ, ತಪ್ಪು ಅವನದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ.

ಆ ಮನೆಯವರು ಫೋನು ಮಾಡಿದಾಗ ಎತ್ತಿಕೊಂಡದ್ದು ಅಪ್ಪ. ಅವರೇನು ಹೇಳಿದರೋ ಅಪ್ಪ ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ಒಬ್ಬ ಹೆಂಗಸು ಸ್ಟೇಷನ್ನಿನಲ್ಲಿ ಕಾದು ಬಸ್ಸಿಗೆ ಬಂದಿರಬೇಕು, ಬೈದಿರಬೇಕು, ಅಷ್ಟೇ ಅಂದುಕೊಂಡೆ. ಅಪ್ಪ ಬೈಯಲಿಲ್ಲ. ಆ ಬೋರ್ಡನ್ನು ಹೆಸರಿನ ಸಮೇತ ನಡುಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಊಟಕ್ಕೆ ಕೂತರೆ ಎದುರಿಗೇ ಕಾಣುತ್ತಿತ್ತು. ಬಂದ ನೆಂಟರೆಲ್ಲ ಗಿರಿಜಮ್ಮ ಯಾರು ಎಂದು ಕೇಳುವಂತಾಯಿತು. ನಾಲ್ಕೈದು ತಿಂಗಳು ಹಾಗೇ ಇತ್ತು. ಆಯುಧಪೂಜೆಯ ದಿನ ಕಾರು ತೊಳೆದು, ಸ್ಪ್ಯಾನರು ಜಾಕುಗಳಿಗೆಲ್ಲ ಕುಂಕುಮ ಹಚ್ಚುವಾಗ ನನಗೆ ಸಿಟ್ಟು ಬಂದು ಆ ತಗಡನ್ನೂ ಇಳಿಸಿ, ಹೆಸರಿನ ಮೇಲೆಯೇ ಕಪ್ಪು ಬಣ್ಣ ಬಳಿದುಬಿಟ್ಟೆ. ಅಪ್ಪ ನೋಡಿದರು, ಒಳಗೆ ಹೋದರು. ಅವತ್ತಿನಿಂದ ಅವರು ನನ್ನ ಗಿರಾಕಿಗಳ ಹೆಸರು ಬರೆಯಲಿಲ್ಲ. ಮಾತು ಬಿಡಲಿಲ್ಲ, ಊಟ ಬಿಡಲಿಲ್ಲ, ಬರೆಯುವುದೊಂದನ್ನು ಬಿಟ್ಟರು. ಐದು ವರ್ಷದ ನಂತರ ತೀರಿಕೊಂಡರು. ಆ ವಿಷಯವನ್ನು ನಾವಿಬ್ಬರೂ ಒಮ್ಮೆಯೂ ಮಾತಾಡಲಿಲ್ಲ. ನನ್ನ ಬದುಕಿನಲ್ಲಿ ವಾಪಸು ಹೋಗಿ ಸರಿಮಾಡಬೇಕು ಅನ್ನಿಸುವ ಸಂಗತಿ ಅದೊಂದೇ.

ನಾನು ಕಂಪ್ಯೂಟರಿನಲ್ಲಿ ಹೆಸರು ಪ್ರಿಂಟು ಹಾಕಿಸತೊಡಗಿದೆ. ತಗಡು ಡಿಕ್ಕಿ ಸೇರಿತು. ಟೈರು ಬದಲಿಸುವಾಗ ಮೊಣಕಾಲ ಕೆಳಗೆ ಹಾಸಿಕೊಳ್ಳುತ್ತಿದ್ದೆ. ಹಳೆ ಕಾರು ಮಾರಿ ಹೊಸದು ಕೊಂಡಾಗ ಇದಕ್ಕೆ ವರ್ಗವಾಯಿತು. ತುಕ್ಕು ಹಿಡಿಯದಿರಲೆಂದು ಇನ್ನೊಮ್ಮೆ ಬಣ್ಣ ಬಳಿದಿದ್ದೆ.

ಆಮೇಲೆ ಸೋಗಾನೆಯಲ್ಲಿ ವಿಮಾನ ಇಳಿಯತೊಡಗಿತು. ಅಲ್ಲಿಗೆ ಹೋಗಿಬಂದವರಿಗೆ ಗೊತ್ತು, ವಿಮಾನದಲ್ಲಿ ಹೈದರಾಬಾದಿನಿಂದ ಬರುವುದು ಸುಲಭ, ಅಲ್ಲಿಂದ ಮನೆಗೆ ಹೋಗುವುದೇ ತಲೆನೋವು. ನಿಲ್ದಾಣ ಇರುವುದು ಬಟಾಬಯಲಿನಲ್ಲಿ. ಬಸ್ಸಿನ ಹೊತ್ತಿಗೂ ವಿಮಾನದ ಹೊತ್ತಿಗೂ ಹೊಂದಿಕೆಯಾಗುವುದು ನಮ್ಮ ಪುಣ್ಯ ಚೆನ್ನಾಗಿದ್ದಾಗ. ಆಟೋದವರು ಬಿಡಲು ಬರುತ್ತಾರೆ, ವಾಪಸು ಖಾಲಿ ಹೋಗಬೇಕೆಂದು ಗೊಣಗುತ್ತಾರೆ. ಮೊಬೈಲಿನಲ್ಲಿ ಕಾರು ಬುಕ್ ಮಾಡಿದರೆ ಅವನು ಫೋನು ಮಾಡಿ ಎಲ್ಲಿಗೆ ಎಂದು ಕೇಳಿ, ಭದ್ರಾವತಿಯ ಒಳಗಿನ ಗಲ್ಲಿ ಎಂದರೆ ಕ್ಯಾನ್ಸಲ್ ಮಾಡುತ್ತಾನೆ. ಇಲ್ಲವಾದರೆ ಹೆದ್ದಾರಿಯ ಕ್ರಾಸಿನವರೆಗೆ ಯಾರದಾದರೂ ಗಾಡಿಯಲ್ಲಿ ಹೋಗಿ ಪ್ರೈವೇಟ್ ಬಸ್ಸಿಗೆ ಕೈ ತೋರಿಸಬೇಕು. ಉಳಿದವರಿಗೆ ನಾವು ಟ್ಯಾಕ್ಸಿಯವರು. ಬುಕಿಂಗ್ ಇದ್ದವರು ಬೋರ್ಡು ಹಿಡಿದು ಬಾಗಿಲ ಬಳಿ, ಇಲ್ಲದವರು ಪಾಳಿ ಪ್ರಕಾರ ಹಿಂದೆ ನಿಲ್ಲುತ್ತೇವೆ.

ಆ ದಿನ ನನಗೆ ದಿನೇಶ್ ಎಂಬ ಒಬ್ಬ ಅಧಿಕಾರಿಯ ಬುಕಿಂಗ್ ಇತ್ತು. ಮೂರು ದಿನ, ಸಾಗರ, ಜೋಗ ಎಲ್ಲ ಸುತ್ತಿಸಬೇಕು. ಗೋಪಾಳದಿಂದ ಹೊರಟು ಮಲವಗೊಪ್ಪದಲ್ಲಿ ಚಹಾ ಕುಡಿದು ಹೊತ್ತಿಗೆ ಮುಂಚೆಯೇ ಮುಟ್ಟಿದೆ. ಜೋರು ಗಾಳಿ. ಪ್ರಿಂಟು ಹಾಕಿದ ಕಾಗದ ಕೈಯಲ್ಲಿ ಮಡಚಿಕೊಳ್ಳುತ್ತಿತ್ತು. ಡಿಕ್ಕಿ ತೆಗೆದು ತಗಡನ್ನು ಹೊರಗೆಳೆದು, ಅದರ ಮೇಲೆ ಕಾಗದವಿಟ್ಟು ನಾಲ್ಕು ಮೂಲೆಗೂ ಟೇಪು ಹಚ್ಚಿದೆ. ಕತ್ತರಿ ಇರಲಿಲ್ಲ, ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿದೆ. ಅದರ ಅಂಟಿನ ರುಚಿ ಕೂಡ ನನಗೆ ನೆನಪಿದೆ. ಇದನ್ನು ಇಷ್ಟು ವಿವರವಾಗಿ ಏಕೆ ಹೇಳುತ್ತಿದ್ದೇನೆ ಎಂಬುದು ಆಮೇಲೆ ತಿಳಿಯುತ್ತದೆ.

ವಿಮಾನ ಇಳಿಯಿತು. ದಿನೇಶ್ ಅವರು ಫೋನು ಮಾಡಿ ಲಗೇಜು ಬರಬೇಕು, ಹತ್ತು ನಿಮಿಷ ಎಂದರು. ನಾನು ಬೋರ್ಡನ್ನು ಎರಡು ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. ಹಾಗೆ ಹಿಡಿದವನಿಗೆ ಬೋರ್ಡಿನ ಬೆನ್ನು ಕಾಣುತ್ತದೆ, ಮುಖ ಕಾಣುವುದಿಲ್ಲ. ಪಕ್ಕದಲ್ಲಿ ಸೆಲ್ವ ನಿಂತಿದ್ದ. ಭದ್ರಾವತಿಯ ಹುಡುಗ, ನನಗಿಂತ ಹದಿನೈದು ವರ್ಷ ಚಿಕ್ಕವನು, ಅವತ್ತು ಅವನಿಗೆ ಬುಕಿಂಗ್ ಇರಲಿಲ್ಲ, ಮಾತಾಡಲೆಂದು ಹಿಂದಿನ ಸಾಲಿನಿಂದ ಮುಂದೆ ಬಂದಿದ್ದ.

ಜನ ಬರತೊಡಗಿದರು. ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು ಹಣೆಗೆ ವಿಭೂತಿ ಹಚ್ಚಿಕೊಂಡು, ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತು ಆಚೆ ಈಚೆ ನೋಡಿದರು. ನೇರವಾಗಿ ನನ್ನ ಹತ್ತಿರ ಬಂದರು.

“ನಾನೇ ಕಣಪ್ಪ ಗಿರಿಜಮ್ಮ. ಬೇಗ ನಡಿ, ನಮ್ಮಕ್ಕ ಇವತ್ತೋ ನಾಳೆಯೋ ಅಂತಿದ್ದಾಳೆ.”

ನೀವು ತಪ್ಪು ತಿಳಿದಿದ್ದೀರಿ ಎಂದು ಹೇಳಲು ಬೋರ್ಡನ್ನು ಕೆಳಗಿಳಿಸಿ ತಿರುಗಿಸಿದೆ. ಕಾಗದ ಇರಲಿಲ್ಲ. ಕಪ್ಪು ತಗಡಿನ ಮೇಲೆ ಬಿಳಿಯ ದಪ್ಪ ಅಕ್ಷರದಲ್ಲಿ ‘ಗಿರಿಜಮ್ಮ, ಭದ್ರಾವತಿ’ ಎಂದಿತ್ತು. ಕೊನೆಯ ‘ಮ’ದ ಸುರುಳಿ ಮೇಲಕ್ಕೆ ಹೋಗಿ ಚುಕ್ಕೆಯಲ್ಲಿ ನಿಂತಿತ್ತು.

ನನಗೆ ಭಯವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಪ್ಪ ಎದುರು ಬಂದು ನಿಂತಾಗ ಚಿಕ್ಕಂದಿನಲ್ಲಿ ಆಗುತ್ತಿದ್ದ ಹಾಗೆ ಕಿವಿ ಬಿಸಿಯಾಯಿತು, ಅಷ್ಟೇ. ಒಳಗೆ ಮೂರು ದಿನದ ಗಿರಾಕಿ ಲಗೇಜಿಗೆ ಕಾಯುತ್ತಿದ್ದಾರೆ, ಎದುರಿಗೆ ಈಕೆ ನಿಂತಿದ್ದಾರೆ. ಹಿಂದೊಮ್ಮೆ ಹೀಗೇ ಆಗಿತ್ತು, ಆಗ ನಾನು ಏನು ಮಾಡಿದೆ ಎಂಬುದು ನನಗೆ ಗೊತ್ತಿತ್ತು. ಸೆಲ್ವನಿಗೆ ದಿನೇಶ್ ಅವರ ನಂಬರು ಕೊಟ್ಟು ಆ ಟ್ರಿಪ್ಪನ್ನು ನೀನೇ ಮಾಡು ಎಂದೆ.

“ತಮಾಷೆ ಮಾಡ್ಬೇಡಿ ಅಣ್ಣ. ಮೂರು ದಿನದ್ದು,” ಎಂದ.

ತಮಾಷೆಯಲ್ಲ ಎಂದು ಹೇಳಿ, ದಿನೇಶ್ ಅವರಿಗೂ ಫೋನಿನಲ್ಲಿ ತಿಳಿಸಿ, ಚೀಲ ಎತ್ತಿಕೊಂಡು ನಡೆದೆ.

ಹೆದ್ದಾರಿಗೆ ಬಂದು ಭದ್ರಾವತಿ ಕಡೆಗೆ ತಿರುಗಿದ ಮೇಲೆ ಆಕೆ ತಾವಾಗಿಯೇ ಮಾತಿಗೆ ಶುರುಮಾಡಿದರು. ಈಗ ಹೈದರಾಬಾದಿನಲ್ಲಿ ಮಗಳ ಜೊತೆ ಇದ್ದಾರೆ. ಅಕ್ಕನನ್ನು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಮಗಳು ಬೆಳಿಗ್ಗೆ ಟಿಕೆಟ್ಟು ಮಾಡಿ ಕೂರಿಸಿದಳು. ಊರಿಗೆ ಹಿಂದೆ ಎಷ್ಟೋ ಸಲ ಬಂದಿದ್ದಾರೆ, ಯಾವಾಗಲೂ ಭಾವ ಬಂದು ಕರೆದುಕೊಂಡು ಹೋಗುತ್ತಿದ್ದರು. ಭಾವ ಹೋದ ವರ್ಷ ತೀರಿಕೊಂಡರು. ಹೊರಗೆ ಯಾರೂ ಬಂದಿರುವುದಿಲ್ಲ ಎಂದು ವಿಮಾನದಲ್ಲೆಲ್ಲ ಹೆದರಿಕೊಂಡೇ ಬಂದರಂತೆ.

ಆ ಹೆದರಿಕೆಗೆ ಕಾರಣವನ್ನೂ ಹೇಳಿದರು. ಹನ್ನೆರಡು ವರ್ಷದ ಹಿಂದೆ ಅವರ ಅವ್ವ ತೀರಿಕೊಂಡಾಗ ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಹೊರಟು ಬೀರೂರಿನಲ್ಲಿ ಇಳಿದರು. ಭಾವ ಕಾರು ಗೊತ್ತುಮಾಡಿದ್ದರು. “ಪ್ಲಾಟ್‌ಫಾರ್ಮಿನ ಮೇಲೆ ನನ್ನ ಹೆಸರು ಹುಡುಕ್ತಾ ನಿಂತಿದ್ದೆ ಕಣಪ್ಪ. ಬೇರೆಯವ್ರ ಹೆಸರು ಇದ್ವು, ನಂದು ಇರ್ಲಿಲ್ಲ.” ಬೆಳಕು ಹರಿಯುವವರೆಗೆ ಕಾದು, ಈಗ ಬರಬಹುದು ಆಗ ಬರಬಹುದು ಎಂದು ಇನ್ನೂ ಒಂದು ಗಂಟೆ ಕಾದು, ಕೊನೆಗೆ ಬಸ್ಸು ಹಿಡಿದರು. ಮನೆಯಲ್ಲಿ ಆದಷ್ಟು ಹೊತ್ತು ತಡೆದಿದ್ದರು. ಈಕೆ ಬಸ್ಸಿಳಿದು ಗಲ್ಲಿಗೆ ತಿರುಗುವಾಗ ಮಣ್ಣು ಮಾಡಿ ವಾಪಸು ಬರುತ್ತಿದ್ದವರು ಎದುರಿಗೆ ಸಿಕ್ಕಿದರು. ಅವ್ವನ ಮುಖ ನೋಡಲಾಗಲಿಲ್ಲ.

ಇದನ್ನು ಹೇಳುವಾಗ ಅವರ ಧ್ವನಿಯಲ್ಲಿ ದೂರು ಇರಲಿಲ್ಲ. ನಾನು ಸ್ಟಿಯರಿಂಗು ಹಿಡಿದು ಎದುರು ನೋಡುತ್ತಿದ್ದೆ. ಸಾವಿನ ಮನೆಗೆ ಹೊರಟ ಹೆಂಗಸು ಎಂಬುದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಆ ಹೆಸರನ್ನು ಗೋಡೆಗೆ ಹಾಕಿದ್ದೇಕೆ ಎಂದು ಹನ್ನೆರಡು ವರ್ಷದ ಮೇಲೆ ನನಗೆ ಅರ್ಥವಾಯಿತು. ನಾಚಿಕೆಯಾಯಿತು. ಬಾಯಿ ಬಿಟ್ಟು ಹೇಳಿಬಿಡಬೇಕು ಅನ್ನಿಸಿತು, ಊರು ಮುಟ್ಟುವವರೆಗೂ ಆಗಲಿಲ್ಲ.

ಹಳೇನಗರದ ಮನೆಯ ಮುಂದೆ ಇಳಿಸಿದೆ. ಒಳಗಿನಿಂದ ಬಂದ ಅಕ್ಕನ ಮಗ ಆಕೆಯನ್ನು ನೋಡಿ, ಚಿಕ್ಕಮ್ಮ, ಹೇಗೆ ಬಂದಿರಿ, ಗಾಡಿ ಯಾರು ಕಳಿಸಿದರು ಎಂದು ಕೇಳಿದ. ಇಲ್ಲಿಂದ ಯಾರೂ ಕಳಿಸಿರಲಿಲ್ಲ. ಆಕೆ ನೇರ ಒಳಗೆ ಹೋದರು. ಕಿಟಕಿ ತೆರೆದಿತ್ತು. ಬಂದೆಯಾ ಎಂದು ಯಾರೋ ಬಹಳ ಕ್ಷೀಣವಾಗಿ ಕೇಳಿದ್ದು, ಬಂದೆ ಅಕ್ಕ ಎಂದು ಆಕೆ ಹೇಳಿದ್ದು ನನಗೆ ಹೊರಗೆ ಕೇಳಿಸಿತು. ಅದೇ ಸಂಜೆ ಅಕ್ಕ ತೀರಿಕೊಂಡರೆಂದು ಆಮೇಲೆ ತಿಳಿಯಿತು. ಬೇರೆ ಟ್ಯಾಕ್ಸಿಯಲ್ಲಿ ಬಂದಿದ್ದರೂ ಆಕೆ ಅಷ್ಟೇ ಹೊತ್ತಿಗೆ ಮುಟ್ಟುತ್ತಿದ್ದರು. ಅದು ನನಗೂ ಗೊತ್ತು.

ನಾನು ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆ ಬಾಡಿಗೆ ಕೊಡಲು ಹೊರಗೆ ಬಂದರು. ಬೇಡ ಎಂದೆ.

“ಅಮ್ಮಾ, ಆವತ್ತು ಬೀರೂರಿಗೆ ಬರ್ಬೇಕಾಗಿದ್ದೋನು ನಾನೇ.”

ಆಕೆ ಬೆಚ್ಚಲಿಲ್ಲ, ಸಿಟ್ಟು ಮಾಡಲಿಲ್ಲ. “ಗೊತ್ತು ಕಣಪ್ಪ. ಆ ಕಪ್ಪು ತಗಡು ನೋಡ್ದಾಗ್ಲೇ ಗೊತ್ತಾಯ್ತು. ನಿಮ್ಮ ತಂದೆ ಇಲ್ಲಿಗೆ ಬಂದಿದ್ರಲ್ಲ,” ಎಂದರು.

ನಮ್ಮಪ್ಪ ಬಂದಿದ್ದರಂತೆ. ಅವ್ವನ ಶಿವಗಣಾರಾಧನೆಯ ದಿನ, ಬಸ್ಸಿನಲ್ಲಿ, ಕಾರ್ಖಾನೆಯ ಹಳೆಯ ಪರಿಚಯದವರನ್ನು ಕೇಳಿಕೊಂಡು ಮನೆ ಹುಡುಕಿ ಬಂದು, ಅಂಗಳದಲ್ಲಿ ನಿಂತು ಕೈಮುಗಿದರಂತೆ. ನನ್ನ ಮಗನಿಂದ ತಪ್ಪಾಯಿತು, ಕಪ್ಪು ತಗಡಿನ ಮೇಲೆ ನಿಮ್ಮ ಹೆಸರು ಬರೆದದ್ದು ಹಾಗೇ ಇದೆ, ಕರೆಯಲು ಯಾರೂ ಇಲ್ಲದೆ ನೀವು ಬರುವ ದಿನ ನಮ್ಮ ಗಾಡಿ ಬಂದೇ ಬರುತ್ತದೆ ಎಂದು ಹೇಳಿದರಂತೆ. ಊಟಕ್ಕೆ ಕೂರಿ ಎಂದರೂ ಕೂರದೆ ಹೋದರಂತೆ. ಇದರಲ್ಲಿ ಒಂದು ಮಾತನ್ನೂ ಅಪ್ಪ ಮನೆಯಲ್ಲಿ ಹೇಳಿರಲಿಲ್ಲ.

“ಗಾಡಿ ಬಂತು ಅಂತ ಹೇಳಪ್ಪ ಅವ್ರಿಗೆ,” ಎಂದು ಆಕೆ ಒಳಗೆ ತಿರುಗಿದರು.

ಹೇಳುತ್ತೇನೆ ಎಂದೆ. ಅಪ್ಪ ತೀರಿಕೊಂಡು ಏಳು ವರ್ಷವಾಗಿತ್ತು.

ಡಿಕ್ಕಿ ತೆಗೆದು ತಗಡನ್ನು ಹೊರಗಿಟ್ಟೆ. ಅಕ್ಷರಗಳು ಹಾಗೇ ಇದ್ದವು. ಅಂಗೈಯಿಂದ ಒರೆಸಿದೆ. ಹೊಸದಾಗಿ ಬರೆದ ಚಾಕ್‌ಪೀಸಿನ ಹಾಗೆ ಪುಡಿಯಾಗಿ ಬಂತು. ಕೈಯೆಲ್ಲ ಬಿಳಿಯಾಯಿತು.

ಫೋಟೋ ತೆಗೆಯಬಾರದಿತ್ತೇ ಎಂದು ಈ ಕಥೆ ಕೇಳಿದವರೆಲ್ಲ ಅನ್ನುತ್ತಾರೆ. ನನಗೆ ಅದು ಹೊಳೆಯಲೇ ಇಲ್ಲ. ಸಂಜೆ ಮನೆಯಲ್ಲಿ ಡಿಕ್ಕಿ ಖಾಲಿ ಮಾಡಿ ನೋಡಿದೆ. ದಿನೇಶ್ ಎಂದು ಪ್ರಿಂಟು ಹಾಕಿದ ಕಾಗದ ಸ್ಟೆಪ್ನಿಯ ಮೇಲೆ ಮಡಿಕೆಯಿಲ್ಲದೆ ಬಿದ್ದಿತ್ತು. ಮೂಲೆಗಳಲ್ಲಿ ಟೇಪಿನ ಗುರುತೇ ಇರಲಿಲ್ಲ. ಕಪ್ಪು ಬಣ್ಣದ ಅಡಿಯಿಂದ ಹಳೆಯ ಬರಹ ಮೇಲೆದ್ದಿರಬಹುದು ಎಂದರು ಒಬ್ಬರು. ಎರಡು ಸಲ ಬಳಿದ ಬಣ್ಣದ ಅಡಿಯಿಂದ ಎದ್ದದ್ದು ಅಂಗೈಗೆ ಪುಡಿಯಾಗಿ ಬರುತ್ತದೆಯೇ, ತಿಳಿಯದು. ಕಾರ್ಖಾನೆಯ ಚಾಕ್‌ಪೀಸು ಅಪ್ಪ ಬದುಕಿದ್ದಾಗಲೇ ಮುಗಿದಿತ್ತು. ನಾನೇ ಬರೆದು ಮರೆತಿರಬಹುದು ಎಂದಳು ಹೆಂಡತಿ. ನನ್ನ ಅಕ್ಷರ ಕಾಗೆ ಕಾಲಿನದು, ಅವಳಿಗೂ ಗೊತ್ತು. ಸೆಲ್ವ ಮೂರು ದಿನದ ಟ್ರಿಪ್ಪು ಮುಗಿಸಿ ಬಂದಾಗ, ನಾನು ಹಚ್ಚಿದ್ದ ಕಾಗದ ಗಾಳಿಗೆ ಹಾರಿದ್ದು ನೋಡಿದೆಯಾ ಎಂದು ವಿಚಾರಿಸಿದೆ.

“ಕಾಗದ ಎಲ್ಲಿತ್ತಣ್ಣ? ನೀವು ಪಾರ್ಕಿಂಗಿಂದ ಬರುವಾಗ್ಲೇ ಚಾಕ್‌ಪೀಸಲ್ಲಿ ಬರ್ದಿತ್ತಲ್ಲ. ನಮ್ಮೂರ ಹೆಸರು ನೋಡಿ, ಈ ಟ್ರಿಪ್ಪು ನಂಗಾದ್ರೂ ಸಿಗ್ಬಾರ್ದಿತ್ತಾ ಅಂದ್ಕೊಂಡೆ,” ಎಂದ.

ಈಗಲೂ ನನಗೆ ದೆವ್ವದಲ್ಲಿ ನಂಬಿಕೆ ಬಂದಿಲ್ಲ. ಸ್ಟ್ಯಾಂಡಿನಲ್ಲಿ ಘಾಟಿಯ ಹೆಂಗಸಿನ ಕಥೆ ಬಂದರೆ ಎಂದಿನಂತೆ ನಗುತ್ತೇನೆ. ಆದರೆ ತಗಡಿನ ಮೇಲೆ ಮೊಣಕಾಲು ಊರುವುದನ್ನು ಬಿಟ್ಟಿದ್ದೇನೆ. ಅದು ಡಿಕ್ಕಿಯಲ್ಲೇ ಇದೆ, ಕೆಲವೊಮ್ಮೆ ತೆಗೆದು ನೋಡುತ್ತೇನೆ, ಕಪ್ಪಗೇ ಇರುತ್ತದೆ. ಅಪ್ಪನ ಕೈಬರಹ ಎಂದು ನಮ್ಮ ಮನೆಯಲ್ಲಿ ಒಂದಕ್ಷರವೂ ಉಳಿದಿಲ್ಲ. ಕೊನೆಯ ಸಲ ನೋಡಿದವನೂ ನಾನೇ, ಒರೆಸಿದವನೂ ನಾನೇ. ಒರೆಸಬಾರದಿತ್ತು ಎಂದು ಒಂದೊಂದು ದಿನ ಬಹಳ ಅನ್ನಿಸುತ್ತದೆ. ಆದರೆ ಆಕೆಯನ್ನು ಮನೆ ಮುಟ್ಟಿಸಿ ಆಗಿತ್ತು.